ನಾಟಕ ನೋಡೋಕೆ ಕಣ್ಣು ಬೇಕೇ ಬೇಕಾ?

ರಂಗಮಂದಿರದ ಬಾಗಿಲಿಗೆ ಒಂದು ರ‍್ಯಾಂಪ್ ಕಟ್ಟಿಬಿಟ್ಟರೆ ನಮ್ಮ ಕೆಲಸ ಮುಗೀತು ಅಂದುಕೊಳ್ಳುತ್ತೇವೆ. ಸರಿ, ಒಳಗೆ ಬಂದು ಕುಳಿತಾಯಿತು. ಆದರೆ ನಾಟಕ ಸಿಕ್ಕಿತೇ? ಈ ಪ್ರಶ್ನೆಯ ಬೆನ್ನು ಹತ್ತಿದ್ದು ಅಮೆರಿಕದ ವಾಷಿಂಗ್ಟನ್ ನಗರದ ಅರೀನಾ ಸ್ಟೇಜ್.

1950ರಲ್ಲಿ ಹುಟ್ಟಿದ ಈ ರಂಗಸಂಸ್ಥೆ 1961ರಲ್ಲಿ ತನ್ನದೇ ರಂಗಮಂದಿರ ಕಟ್ಟಿಕೊಂಡಿತು. ನಟ್ಟನಡುವೆ ರಂಗ, ನಾಲ್ಕೂ ಕಡೆ ಪ್ರೇಕ್ಷಕರು. 1973ರ ಪುನರ್ವಸತಿ ಕಾಯ್ದೆಯ 504ನೇ ಕಲಂ, ಕೇಂದ್ರ ಸರ್ಕಾರದ ಹಣ ಪಡೆಯುವ ಯಾವ ಸಂಸ್ಥೆಯೂ ವಿಕಲಚೇತನರನ್ನು ಹೊರಗಿಡುವಂತಿಲ್ಲ ಅಂದಿತ್ತು. ಮುಂದೆ ಅರೀನಾದಲ್ಲಿ ಕಿವಿ ಮಂದವಾದವರಿಗಾಗಿ ಇಯರ್‌ಫೋನ್ ವ್ಯವಸ್ಥೆ ಬಂತು. ಮಾತು ನೇರವಾಗಿ ಕಿವಿಗೆ.

ಕಥೆ ತಿರುಗಿದ್ದು ಇಲ್ಲೇ ನೋಡಿ. ಅರೀನಾದ ಸಲಹಾ ಸಮಿತಿಯಲ್ಲಿದ್ದ ಚೆಟ್ ಆವೆರಿ ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ಮಾತಿನ ನಡುವಿನ ಬಿಡುವಿನಲ್ಲಿ, ರಂಗದ ಮೇಲೆ ಏನಾಗುತ್ತಿದೆ ಅಂತ ಇದೇ ಇಯರ್‌ಫೋನ್‌ನಲ್ಲಿ ಯಾರಾದರೂ ನಮಗೆ ಹೇಳಬಾರದೇಕೆ ಎಂಬ ವಿಚಾರ ಅವರದು. ಕಿವಿಗಾಗಿ ತಂದ ಸಾಧನ ಕಣ್ಣಿಗೂ ಆದೀತು ಅಂತ ಹೊಳೆದದ್ದು ಕಣ್ಣಿಲ್ಲದವರಿಗೇ!

ಕೆಲಸ ಕೈಗೆತ್ತಿಕೊಂಡವರು ಮಾರ್ಗರೆಟ್ ರಾಕ್‌ವೆಲ್. ಅವರೂ ದೃಷ್ಟಿ ಕಳೆದುಕೊಂಡವರೇ. ಅಂಧರಿಗೆ ರೇಡಿಯೋದಲ್ಲಿ ಪತ್ರಿಕೆ ಓದಿ ಹೇಳುವ 'ವಾಷಿಂಗ್ಟನ್ ಇಯರ್' ಎಂಬ ಸಂಸ್ಥೆಯನ್ನು 1974ರಲ್ಲಿ ಕಟ್ಟಿದ್ದರು. ಮುಂದೆ ಅವರ ಪತಿಯಾದ ಕೋಡಿ ಫಾನ್‌ಸ್ಟೀಲ್ ಜೊತೆಯಾದರು. 1981ರಲ್ಲಿ ಬರ್ನಾರ್ಡ್ ಶಾ ಅವರ 'ಮೇಜರ್ ಬಾರ್ಬರಾ' ನಾಟಕದೊಂದಿಗೆ ಅರೀನಾದಲ್ಲಿ ವಿವರಣೆ ಶುರುವಾಯಿತು. ಇಂಥದೇ ವಿಚಾರವನ್ನು ಗ್ರೆಗರಿ ಫ್ರೇಜಿಯರ್ 1970ರ ದಶಕದಲ್ಲೇ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಪ್ರಬಂಧವಾಗಿ ಬರೆದಿದ್ದರು ಅನ್ನೋದನ್ನೂ ಮರೆಯುವಂತಿಲ್ಲ.

ವಿವರಣೆ ಹೇಳೋದು ಸುಲಭವಲ್ಲ ಮಾರಾಯ್ರೇ. ಪಾತ್ರದ ಮಾತಿನ ಮೇಲೆ ನಮ್ಮ ಮಾತು ಬೀಳಬಾರದು. ಕಂಡದ್ದನ್ನಷ್ಟೇ ಹೇಳಬೇಕು. 'ಅವನಿಗೆ ಕೋಪ ಬಂತು' ಅನ್ನಬಾರದು, 'ಮುಷ್ಟಿ ಬಿಗಿದ' ಅನ್ನಬೇಕು. ಕೋಪವೋ ದುಃಖವೋ ಅನ್ನೋದನ್ನು ಕೇಳುವವರೇ ತೀರ್ಮಾನಿಸಲಿ. ಅವರು ಬಂದಿರುವುದು ನಾಟಕಕ್ಕೆ, ನಮ್ಮ ವಿಮರ್ಶೆಗಲ್ಲ!

ರಂಗಮಂದಿರದಲ್ಲಿ ಬೆಳೆದ ಈ ಪದ್ಧತಿ ಆಮೇಲೆ ಟಿವಿ, ಸಿನಿಮಾಗಳಿಗೂ ಹಬ್ಬಿತು. ಭಾರತದ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯೂ ವಿದ್ಯುನ್ಮಾನ ಮಾಧ್ಯಮಗಳಲ್ಲಿ ಇಂಥ ಧ್ವನಿವಿವರಣೆ ಇರಬೇಕು ಅನ್ನುತ್ತದೆ.

ಕಾಯ್ದೆ ಬಾಗಿಲು ತೆರೆಸಿತು, ಯಂತ್ರವೂ ಬಂತು. ಆದರೆ ಅದರಿಂದ ಇನ್ನೇನಾದೀತು ಅಂತ ಹೇಳಲು, ಬೇಕಾದವರೇ ಸಮಿತಿಯಲ್ಲಿ ಕೂರಬೇಕಾಯಿತು. ನಿಮ್ಮೂರಿನ ರಂಗಮಂದಿರದಲ್ಲಿ ಅಂಥವರನ್ನು ಯಾರಾದರೂ ಕೇಳಿದ್ದುಂಟೇ? ಗೊತ್ತಿದ್ದರೆ ತಿಳಿಸಿ.