ಸಂಕಾಸುರ

ಸಂಕಾಸುರ (ಶಂಖಾಸುರ): ದಶಾವತಾರ ಆಟದ ಪೂರ್ವರಂಗದಲ್ಲಿ (ಮುಖ್ಯ ಕಥೆಗೆ ಮುಂಚಿನ ಭಾಗದಲ್ಲಿ) ಬರುವ ರಾಕ್ಷಸ ಪಾತ್ರ. ಈ ಆಟ ಗೋವಾದ ಪೆರ್ನೆಂ, ಡಿಚೋಲಿ, ಸತ್ತರಿ ತಾಲ್ಲೂಕುಗಳಲ್ಲೂ ನೆರೆಯ ಸಿಂಧುದುರ್ಗ ಜಿಲ್ಲೆಯಲ್ಲೂ ಜಾತ್ರೆಯ ರಾತ್ರಿಗಳಲ್ಲಿ ನಡೆಯುತ್ತದೆ. ವೇದಗಳನ್ನು ಕದ್ದು ವಿಷ್ಣುವಿನ ಕೈಯಲ್ಲಿ ಸಾಯುವುದಷ್ಟೇ ಇವನ ಕಥೆ. ಆದರೂ ಅದ್ಭುತ ಕಥನದಲ್ಲಿ ಕುಂದುಗಳಿಂದಲೇ ಜೀವ ಪಡೆದ ಪಾತ್ರಕ್ಕೆ ಕೊಂಕಣ ಕರಾವಳಿಯಲ್ಲಿ ಇವನಿಗಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ.

ಪುರಾಣ ಮೂಲ

ಭಾಗವತದ ಎಂಟನೆಯ ಸ್ಕಂಧದಲ್ಲಿ ವೇದ ಕದಿಯುವವನು ಹಯಗ್ರೀವನೆಂಬ ದಾನವ. ಪದ್ಮಪುರಾಣದ ಕಾರ್ತಿಕ ಮಾಹಾತ್ಮ್ಯದಲ್ಲಿ ಅದೇ ಕೆಲಸ ಸಮುದ್ರನ ಮಗ ಶಂಖನದು. ದೇವತೆಗಳನ್ನು ಸೋಲಿಸಿದ ಮೇಲೂ ಅವರ ಬಲ ವೇದಮಂತ್ರಗಳಲ್ಲಿ ಉಳಿದಿದೆಯೆಂಬ ಶಂಕೆ ಅವನನ್ನು ಕಾಡುತ್ತದೆ; ಕಳವಿಗೆ ಅದೇ ಕಾರಣ. ಗೆದ್ದೂ ನೆಮ್ಮದಿಯಿಲ್ಲದವನ ಈ ಅಳುಕು ಪುರಾಣದಲ್ಲಿ ಒಂದೆರಡು ಮಾತಿನಲ್ಲಿ ಮುಗಿದುಹೋಗುತ್ತದೆ.

ವೇಷ, ಮಾತು

ಕಪ್ಪು ಉಡುಪು, ಚೂಪು ಟೋಪಿ, ಜೋತುಬಿದ್ದ ಕೆಂಪು ಬಟ್ಟೆಯ ನಾಲಿಗೆ. ಪೂರ್ವರಂಗದಲ್ಲಿ ಗಣಪತಿಯೂ ಶಾರದೆಯೂ ಬಂದು, ಸ್ತುತಿ ಮಾಡಿಸಿಕೊಂಡು, ಹೋಗುತ್ತಾರೆ. ಸಂಕಾಸುರ ಮಾತ್ರ ನಿಂತು ಮಾತಾಡುತ್ತಾನೆ, ಅದೂ ಊರಿನವರ ಆಡುಮಾತಿನಲ್ಲಿ. ಸೂತ್ರಧಾರನನ್ನು ಕೆಣಕುತ್ತಾನೆ, ಜಂಬ ಕೊಚ್ಚುತ್ತಾನೆ, ಊರಿನ ಸುದ್ದಿಯನ್ನು ನಡುವೆ ತರುತ್ತಾನೆ. ದಶಾವತಾರದ ಸಂಭಾಷಣೆಗೆ ಬರೆದ ಪಾಠವಿಲ್ಲ. ಕಥೆಯ ಎಳೆಯನ್ನಷ್ಟೇ ಮೊದಲೇ ಗೊತ್ತುಮಾಡಿಕೊಂಡು ನಟರು ಸ್ಥಳದಲ್ಲೇ ಮಾತು ಕಟ್ಟುತ್ತಾರೆ. ಹೀಗಾಗಿ ಅಸುರನ ದೌರ್ಬಲ್ಯಗಳು ಆಯಾ ನಟನ ಆಯ್ಕೆ. ಒಬ್ಬನ ಸಂಕಾಸುರ ಹೆಚ್ಚು ಪುಕ್ಕಲ, ಇನ್ನೊಬ್ಬನ ಸಂಕಾಸುರ ಹೆಚ್ಚು ಒರಟ. ನಕ್ಕ ಪ್ರೇಕ್ಷಕರೂ ಅವನ ವಧೆಯನ್ನು ಬೇಡವೆನ್ನುವುದಿಲ್ಲ ಎಂಬುದನ್ನು ಮರೆಯಬಾರದು. ಪಾತ್ರದ ಮೇಲಿನ ಸಲಿಗೆಯೇ ಬೇರೆ, ಕ್ಷಮೆಯೇ ಬೇರೆ.

ಯಕ್ಷಗಾನದೊಡನೆ ನಂಟು

ದಶಾವತಾರ ತೆಂಕಣದಿಂದ ಬಂದದ್ದೆಂಬ ಐತಿಹ್ಯ ಕೊಂಕಣದಲ್ಲಿ ಬಲವಾಗಿದೆ. ಕುಡಾಳದ ಬಳಿಯ ಕವಠಿಯ ಗೋರೆ ಎಂಬವರು ತಂದರೆಂದು ಒಂದು ಹೇಳಿಕೆ. ಶ್ಯಾಮಜಿ ನಾಯಕ ಕಾಳೆ 1728ರ ಸುಮಾರಿಗೆ ಕರ್ನಾಟಕದಿಂದ ತಂದರೆಂದು ಇನ್ನೊಂದು. ಎರಡನ್ನೂ ಐತಿಹ್ಯವೆಂದೇ ಎಣಿಸುವುದು ಕ್ಷೇಮ. ಯಕ್ಷಗಾನ ಮರಾಠಿ ನಾಡಿಗೆ ಹೋದದ್ದಕ್ಕೆ ಇದಕ್ಕಿಂತ ಗಟ್ಟಿಯಾದ ದಾಖಲೆ ಒಂದು ಶತಮಾನ ಈಚಿನದು. 1842ರಲ್ಲಿ ಹೊನ್ನಾವರದ ಬಳಿಯ ಕರ್ಕಿಯ ಯಕ್ಷಗಾನ ಮೇಳ ಸಾಂಗ್ಲಿಯಲ್ಲಿ ಆಟವಾಡಿತು. ಅದನ್ನು ನೋಡಿದ ಅರಸ ಚಿಂತಾಮಣರಾವ್ ಪಟವರ್ಧನರು ಮರಾಠಿಯಲ್ಲೂ ಅಂಥದ್ದು ಬೇಕೆಂದರು. ಮರುವರ್ಷ ವಿಷ್ಣುದಾಸ ಭಾವೆ ಮರಾಠಿಯಲ್ಲಿ ‘ಸೀತಾ ಸ್ವಯಂವರ’ ನಾಟಕ ಆಡಿಸಿದರು. ಭಾವೆಯವರ ಆಟಗಳ ರಾಕ್ಷಸರು ‘ಅಲಲಲಡುರ್ರ್’ ಎಂದು ಆರ್ಭಟಿಸುತ್ತ ರಂಗಕ್ಕೆ ಬರುತ್ತಿದ್ದರು. ಆ ಕೂಗು ಯಕ್ಷಗಾನದ ಅಸುರರ ಅಟ್ಟಹಾಸವನ್ನು ನೆನಪಿಸುತ್ತದೆ, ನಿಜ. ಆದರೆ ಸಂಕಾಸುರನ ಹರಟೆಗೆ ಅದರಲ್ಲಿ ಮೂಲ ಹುಡುಕಲಾಗದು.

ಇಲ್ಲೇ ಮುಖ್ಯ ವ್ಯತ್ಯಾಸ. ಯಕ್ಷಗಾನ ಭಯವನ್ನೂ ನಗುವನ್ನೂ ಎರಡು ವೇಷಗಳಿಗೆ ಹಂಚಿಕೊಟ್ಟಿದೆ. ಯಕ್ಷಗಾನದ ದಕ್ಷಿಣ ಶೈಲಿಯಾದ ತೆಂಕುತಿಟ್ಟಿನಲ್ಲಿ ರಾಕ್ಷಸರ ಬಣ್ಣದ ವೇಷಕ್ಕೆ ಅಕ್ಕಿಹಿಟ್ಟಿನ ಚುಟ್ಟಿ ಇಡಲು ಗಂಟೆಗಟ್ಟಲೆ ಬೇಕು. ತೆರೆಯ ಹಿಂದಿನಿಂದ ಇಷ್ಟಿಷ್ಟೇ ಕಾಣಿಸಿಕೊಳ್ಳುವ ಆ ಮುಖ ನಗಿಸಲು ಬಂದದ್ದಲ್ಲ. ನಗಿಸುವುದಕ್ಕೆ ಹಾಸ್ಯಗಾರನಿದ್ದಾನೆ, ಪೂರ್ವರಂಗದಲ್ಲಿ ಕೋಡಂಗಿಯಿದ್ದಾನೆ. ದಶಾವತಾರದ ಪೂರ್ವರಂಗ ಭಯ, ನಗು ಎರಡನ್ನೂ ಒಬ್ಬನ ಮೈಮೇಲೆ ಹೇರಿತು. ವೇದ ಕದಿಯುವಷ್ಟು ದೊಡ್ಡವನೇ ಬಾಯಿಬಡುಕನೂ ಆದಾಗ ಅವನ ಅಳುಕು ಕಣ್ಣಿಗೆ ಕಾಣತೊಡಗುತ್ತದೆ.

ಗೋವಾದಲ್ಲಿ ಉಳಿವು

ಮೇಲೆ ಹೇಳಿದ ಮೂರು ತಾಲ್ಲೂಕುಗಳೂ ಪೋರ್ಚುಗೀಸರ ಕೈಗೆ ಬಂದದ್ದು 18ನೆಯ ಶತಮಾನದ ಕೊನೆಯಲ್ಲಿ, ಪೆರ್ನೆಂ 1788ರಲ್ಲಿ. 1560ರಿಂದ ನಡೆದ ಧರ್ಮವಿಚಾರಣೆಯ (ಇನ್‌ಕ್ವಿಸಿಷನ್) ಬಿಸಿ ಪೋರ್ಚುಗೀಸರು ಮೊದಲೇ ಗೆದ್ದಿದ್ದ ತಾಲ್ಲೂಕುಗಳಿಗೆ ತಟ್ಟಿದಷ್ಟು ಇಲ್ಲಿಗೆ ತಟ್ಟಲಿಲ್ಲ. ಆಟ ಉಳಿಯಲು ಇದೂ ಒಂದು ಕಾರಣವಿರಬೇಕು. ಈಚೆಗೆ ಪೂರ್ವರಂಗ ಮೊಟಕಾಗುತ್ತಿದೆ.

ಆಧುನಿಕ ಸಾಹಿತ್ಯ

ಸಂಕಾಸುರನನ್ನು ನೇರವಾಗಿ ಕನ್ನಡಕ್ಕೆ ತಂದ ಪ್ರಸಿದ್ಧ ಕೃತಿ ಕಂಡುಬಂದಿಲ್ಲ. ಗಿರೀಶ ಕಾರ್ನಾಡರ ‘ಹಯವದನ’ದ (1971) ಕುದುರೆಮೊಗದವನು ದೂರದ ನೆಂಟ: ಪೂರ್ಣ ಮನುಷ್ಯನಾಗಬಯಸಿ ಪೂರ್ಣ ಕುದುರೆಯಾಗುವ ಅವನೂ ಭಾಗವತನೆದುರು ಗೋಳು ಹೇಳಿಕೊಂಡು ನಗೆಪಾಟಲಾಗುತ್ತಾನೆ.