ಒಕ್ಕಲು

ಕರಾವಳಿಯ ಕಡೆ ಗೃಹಪ್ರವೇಶವನ್ನು ‘ಮನೆ ಒಕ್ಕಲು’ ಎನ್ನುವುದುಂಟು. ಹೊಸ ಒಲೆಯ ಮೇಲಿಟ್ಟ ಹಾಲು ಪಾತ್ರೆಯ ಅಂಚನ್ನು ಮೀರಿ ಉಕ್ಕಿದ ಮೇಲೆಯೇ ಆ ಗೋಡೆ ಮಾಡುಗಳಿಗೆ ಮನೆಯೆಂಬ ಹೆಸರು ಸಲ್ಲುವುದು. ನೆಲವನ್ನುಳುವವನು ಧಣಿಗೆ ಒಕ್ಕಲು, ಧಣಿಯೂ ಸೇರಿದಂತೆ ಊರಿಗೆ ಊರೇ ದೇವರಿಗೆ ಒಕ್ಕಲು. ಹೀಗೆ ವಾಸದೊಡನೆ ಸಂಬಂಧವನ್ನೂ ಧ್ವನಿಸುವ ಈ ಶಬ್ದದಲ್ಲಿ ಹಕ್ಕೂ ಇದೆ, ದೈನ್ಯವೂ ಇದೆ. ಚಾಲಗೇಣಿಯ ಒಕ್ಕಲು ಧಣಿಯ ಅಂಗಳದಲ್ಲಿ ನಿಂತೇ ಮಾತನಾಡಬೇಕಾಗಿದ್ದುದನ್ನು ಮರೆತು ಹಿಂದಿನ ಕಾಲವನ್ನು ಕೊಂಡಾಡುವುದು ನನಗೆ ಸಮ್ಮತವಲ್ಲ.

ನಗರವನ್ನು ಹೊಕ್ಕ ಬಳಿಕ ಈ ಶಬ್ದಕ್ಕೊದಗಿದ ಗತಿ ವಿಚಿತ್ರವಾದುದು. 1898ರ ಪ್ಲೇಗಿಗೆ ಅಂಜಿ ಬೆಂಗಳೂರಿನ ಪೇಟೆಯ ಇಕ್ಕಟ್ಟಾದ ಓಣಿಗಳನ್ನು ತೊರೆದು ಬಸವನಗುಡಿ, ಮಲ್ಲೇಶ್ವರಗಳಿಗೆ ನಡೆದವರು ನಿವೇಶನದಾರರೆನಿಸಿದರು, ವಠಾರದವನು ಬಾಡಿಗೆದಾರ, ಜೋಪಡಿಯವನು ಒತ್ತುವರಿದಾರ, ಅದೃಷ್ಟವಿದ್ದಲ್ಲಿ ಫಲಾನುಭವಿ. ಒಕ್ಕಲೆಂದು ಅವನನ್ನು ಯಾರೂ ಕರೆಯರು. ಆ ಗೌರವ ಅವನಿಗೆ ಲಭಿಸುವುದು ಒಂದೇ ಮುಹೂರ್ತದಲ್ಲಿ, ಅವನನ್ನು ಒಕ್ಕಲೆಬ್ಬಿಸುವಾಗ.

2013ರ ಜನವರಿಯಲ್ಲಿ ಈಜಿಪುರದಲ್ಲಿ ಒದಗಿದ ಮುಹೂರ್ತ ಅಂಥದು. ಬಡವರಿಗೆಂದು ಪಾಲಿಕೆ ಕಟ್ಟಿಸಿದ್ದ ಕಟ್ಟಡಗಳು ಕುಸಿದ ಮೇಲೆ ಅದೇ ನೆಲದಲ್ಲಿ ತಗಡಿನ ಶೆಡ್ಡುಗಳಲ್ಲಿ ಉಳಿದುಕೊಂಡು, ಪಕ್ಕದ ಕೋರಮಂಗಲದ ಮನೆಗಳಲ್ಲಿ ಪಾತ್ರೆ ತಿಕ್ಕಿ ನೆಲ ಒರೆಸಿ ಜೀವಿಸುತ್ತಿದ್ದವರ ಮುಂದೆ ಜೇಸಿಬಿ ಬಂದು ನಿಂತಿತು. ಮನೆಗಳ ಪುನರ್ನಿರ್ಮಾಣದ ಒಪ್ಪಂದದಲ್ಲಿ ಆ ಜಾಗದ ಒಂದು ಪಾಲು ಮಾಲ್‌ಗೆ ಮೀಸಲಾಗಿತ್ತು. ಇಂಥವರಿಗೆ ಊರಂಚಿನಲ್ಲಿ ಮನೆ ದೊರೆತರೂ ದುಡಿಮೆ ಹಳೆಯ ಕೇರಿಯ ಬದಿಯಲ್ಲೇ ಉಳಿಯುತ್ತದೆ. ಎರಡು ಬಸ್ಸು ಹಿಡಿದು ಎಂಟು ಗಂಟೆಗೆ ಬಂದ ಹೆಂಗಸಿಗೆ, ಆರಕ್ಕೇ ಕಾಫಿಯ ಲೋಟ ತೊಳೆದಾಗಿರಬೇಕೆನ್ನುವ ಮನೆಯಾಕೆ, ‘ನಾಳೆಯಿಂದ ಬೇರೆಯವರನ್ನು ನೋಡಿಕೊಳ್ತೀನಿ ಕಣಮ್ಮ’ ಎನ್ನುತ್ತಾಳೆ. ಯಾವ ಪುನರ್ವಸತಿಯ ನಕ್ಷೆಯೂ ಈ ಎರಡು ಗಂಟೆಗಳನ್ನು ಗುರುತಿಸುವುದಿಲ್ಲ.

ಕಡತಗಳ ಭಾಷೆಯಲ್ಲಿ ಇದಕ್ಕೆ ‘ತೆರವು ಕಾರ್ಯಾಚರಣೆ’ಯೆಂದು ಹೆಸರು, ಏನನ್ನು ತೆರವು ಮಾಡಲಾಯಿತೆಂದರೆ ಜಾಗವನ್ನು, ಮನುಷ್ಯರ ಮಾತೇ ಅಲ್ಲಿಲ್ಲ. 1975ರಲ್ಲಿ ಹುಟ್ಟಿದ ನಮ್ಮ ಕೊಳಗೇರಿ ನಿರ್ಮೂಲನ ಮಂಡಳಿಯು ಈಗ ಅಭಿವೃದ್ಧಿ ಮಂಡಳಿಯಾಗಿದೆ. ನಿರ್ಮೂಲನವೆಂಬ ಕ್ರೂರಪದ ಫಲಕದಿಂದಿಳಿದುದಕ್ಕೆ ನಾನು ಸಂತೋಷಪಡುವವನೇ. ಆದರೆ ಪತ್ರಿಕೆಗಳವರು ಇನ್ನೂ ‘ಒಕ್ಕಲೆಬ್ಬಿಸಿದರು’ ಎಂದೇ ಬರೆಯುತ್ತಿರುವುದು ಅದಕ್ಕಿಂತ ಮಿಗಿಲಾದ ಸಂತೋಷ. ಎಬ್ಬಿಸುವುದಕ್ಕೆ ಮೊದಲು ಅಲ್ಲಿ ಒಂದು ಒಕ್ಕಲಿತ್ತೆಂಬುದನ್ನು ಆ ಕ್ರಿಯಾಪದ ಮುಚ್ಚಿಡಲಾರದು. ಒತ್ತುವರಿದಾರನೆಂದು ನೋಟೀಸಿನಲ್ಲಿ ಬರೆದ ಅಧಿಕಾರಿಯೂ ಮನೆಗೆ ಹೋಗಿ ಹೆಂಡತಿಗೆ ಸುದ್ದಿ ಹೇಳುವಾಗ ಅದನ್ನೇ ಆಡುತ್ತಾನೆ.