ಬೆಲ್ಲದ ಕಾಫಿಯ ಮರ್ಯಾದೆ

ಈಗ ಹೋಟೆಲುಗಳಲ್ಲಿ ‘ಬೆಲ್ಲದ ಕಾಫಿ’ ಅಂತ ಬೋರ್ಡು ನೋಡಿದ್ರೆ ನನಗೆ ನಗು ಬರುತ್ತೆ. ಕಡಬದ ನಮ್ಮ ಮನೆಯಲ್ಲಿ ಅಜ್ಜಿ ಕಾಲಕ್ಕೆ ಕಾಫಿ ಅಂದ್ರೇನೆ ಬೆಲ್ಲದ್ದು. ಸಕ್ಕರೆ ಡಬ್ಬ ಕೆಳಗಿಳೀತಿದ್ದದ್ದು ನೆಂಟರು ಬಂದಾಗ ಮಾತ್ರ.

ನಮ್ಮ ಕೆರೆ ತುಂಬಿಸಿ ಮುಂದೆ ಹೋಗುವ ಶಿಂಷೆ ಮಂಡ್ಯ ಜಿಲ್ಲೆಗೆ ಇಳಿಯುತ್ತಾಳೆ. ಲೋಟದ ರುಚಿ ಬದಲಾದದ್ದೂ ಆ ಕಡೆಯಿಂದಲೇ. ಕನ್ನಂಬಾಡಿ ನಾಲೆಯ ನೀರಿಗೆ ಕಬ್ಬು ಬೆಳೆಸಿ, 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಕಟ್ಟಿದರು. ಅದಕ್ಕೆ ದುಡಿದವರಲ್ಲಿ ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ ಪ್ರಮುಖರು. ಮುಂದೆ ಸಕ್ಕರೆ ರೇಷನ್ ಅಂಗಡಿಗೂ ಬಂತು. ಬಿಳೀದು ಮರ್ಯಾದೆ, ಬೆಲ್ಲ ಬಡತನ ಅನ್ನೋ ಹಾಗಾಯ್ತು.

ಅದೇ ಬೆಲ್ಲ ಈಗ ‘ನೈಸರ್ಗಿಕ’ ಅನ್ನಿಸಿಕೊಂಡು ವಾಪಸ್ ಬಂದಿದೆ. ರುಚಿಗಾದ್ರೆ ನನ್ನ ಓಟು ಬೆಲ್ಲಕ್ಕೇ. ಹಾಲು ಒಡೆಯದಂತೆ, ಒಲೆಯಿಂದ ಇಳಿಸಿದ ಮೇಲೆ ಹಾಕಿ. ಆದ್ರೆ ಸಕ್ಕರೆ ಕಾಯಿಲೆ ಇರೋ ನಮ್ಮ ಮನೆ ಹಿರಿಯರು ‘ಬೆಲ್ಲ ತಾನೇ’ ಅಂತ ಇನ್ನೊಂದು ಲೋಟ ಕೇಳ್ತಾರೆ. ಬೆಲ್ಲದಲ್ಲೂ ಬಹುಪಾಲು ಇರೋದು ಸುಕ್ರೋಸೇ. ರಕ್ತಕ್ಕೆ ಬಣ್ಣದ ಭೇದ ಗೊತ್ತಾಗಲ್ಲ. ಪರಾಗ್ವೆಯ ಗ್ವಾರಾನಿ ಜನ ತಮ್ಮ ಮಾಟೆ ಕಷಾಯಕ್ಕೆ ಹಾಕ್ತಿದ್ದ ಸ್ಟೀವಿಯಾ ಎಲೆಯ ಸಿಹಿ ಬೇರೆ ಜಾತಿಯದು, ಅದು ಸಕ್ಕರೆಯಲ್ಲ. ಬೆಲ್ಲಕ್ಕೆ ಹಳೇ ಮರ್ಯಾದೆ ಕೊಡೋಣ, ಔಷಧಿಯ ಪಟ್ಟ ಬೇಡ.